ಮೂರನೆಯ ಭಾಗದ ಅಳುವ ರೀಲು

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಮ್ಮ ಕೊಟ್ಟೂರಿನ ಸಿನಿಮಾ ಟೆಂಟಿಗೆ ಒಬ್ಬ ಮುಖವಾಡದ ವೀರ ಬರುತ್ತಿದ್ದ. ಅವನು ಮಾತಾಡುತ್ತಿದ್ದುದು ತೆಲುಗು, ನಮ್ಮ ಕಡೆ ಅದು ಯಾರಿಗೂ ತೊಡಕಾಗುತ್ತಿರಲಿಲ್ಲ. ಬರಿಗೈಯಲ್ಲಿ ಲಾರಿ ನಿಲ್ಲಿಸುತ್ತಿದ್ದ, ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಿದ್ದ, ಗುಂಡು ತಾಗಿದರೆ ಅಂಗಿ ಕೊಡವಿಕೊಂಡು ನಗುತ್ತಿದ್ದ. ಅವನ ಸಿನಿಮಾ ಒಟ್ಟು ನಾಲ್ಕು ಬಂದವು. ಅವುಗಳಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ತೀರ್ಪು ಕೊಡುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿರಲಿಲ್ಲ, ನಾನೇ ತೆಗೆದುಕೊಂಡಿದ್ದೆ. ಆಗ ಡಿಗ್ರಿ ಕಾಲೇಜಿನ ಎರಡನೆಯ ವರ್ಷ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ನನ್ನ ಎದುರು ವಾದಿಸುವ ಗಂಡು ಒಬ್ಬನೇ ಇದ್ದ. ಒಂದನೇ ತರಗತಿಯಿಂದ ಜೊತೆಗೆ ಓದಿದವನು. ಅವನ ಅಪ್ಪ ನಮ್ಮ ದಲಾಲಿ ಅಂಗಡಿಯಲ್ಲಿ ಶೇಂಗಾ ಚೀಲ ಹೊರುತ್ತಿದ್ದರು. ಶಾಲೆಯಲ್ಲಿ ನಮ್ಮಿಬ್ಬರದು ಒಂದೇ ಬೆಂಚು, ಟೆಂಟಿನಲ್ಲಿ ಕೂಡುವುದು ಒಂದೇ ಮರಳಿನ ಮೇಲೆ. ನಮ್ಮ ಮನೆಗೆ ಬಂದಾಗ ಮಾತ್ರ ಅವನು ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದ. ಅದರ ಬಗ್ಗೆ ನಾವಿಬ್ಬರೂ ಯಾವತ್ತೂ ಮಾತಾಡಿದವರಲ್ಲ.

ಮೊದಲನೆಯ ಸಿನಿಮಾ ಕಪ್ಪು ಬಿಳುಪಿನದು. ತೆಗೆದವರ ಹತ್ತಿರ ದುಡ್ಡಿರಲಿಲ್ಲ ಅನ್ನುವುದು ಕಾಣುತ್ತಿತ್ತು, ಗುಡೇಕೋಟೆ ಕಡೆಯಂಥ ಬೋಳು ಗುಡ್ಡಗಳಲ್ಲೇ ಇಡೀ ಹೊಡೆದಾಟ ಮುಗಿಸಿದ್ದರು. ಆದರೂ ಮುಖವಾಡದ ಹಿಂದೆ ಯಾರಿದ್ದಾರೆ ಎಂಬ ಕುತೂಹಲವನ್ನು ಕೊನೆಯವರೆಗೆ ಬಿಟ್ಟುಕೊಟ್ಟಿರಲಿಲ್ಲ. ಅದು ಅದರ ದೊಡ್ಡ ಗುಣ ಎಂದು ನಾನು ಹೇಳಿದೆ. ಅವನು ಒಪ್ಪಿದ, ಆದರೆ ಊರೊಳಗೆ ಹೋದ ಕುದುರೆಯ ಹಣೆಯ ಮೇಲೆ ಬಿಳಿ ಮಚ್ಚೆ ಇತ್ತು, ಹೊರಗೆ ಬಂದದ್ದಕ್ಕೆ ಇರಲಿಲ್ಲ ಎಂದ. ನಾನು ಅದನ್ನು ಗಮನಿಸಿರಲಿಲ್ಲ. ಅವನ ಕಣ್ಣು ಅಂಥದು. ಇದನ್ನು ನಾನು ನೆನಪಿಟ್ಟುಕೊಂಡಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಎರಡನೆಯದರಲ್ಲಿ ಖಳನಾಯಕ ಅದ್ಭುತ, ಒಂದು ಸಲವೂ ದನಿ ಎತ್ತದೆ ಹೆದರಿಸುತ್ತಿದ್ದ. ಆದರೆ ಹಾಡುಗಳು ಅತಿಯಾದವು, ತಾಯಿಯ ಅಳು ಅದಕ್ಕಿಂತ ಅತಿಯಾಯಿತು. ಆ ತಾಯಿ ಸೆರಗು ಕಣ್ಣಿಗೆ ತಂದ ಕೂಡಲೇ ನಾನು ಸೀಟಿ ಹೊಡೆಯುತ್ತಿದ್ದೆ. ನನ್ನ ಹಿಂದೆ ಇಡೀ ಮರಳು ಸೀಟಿ ಹೊಡೆಯುತ್ತಿತ್ತು. ರೀಲು ಮುಂದಕ್ಕೆ ಓಡಿಸಿ ಎಂದು ಕೂಗಿದವನೂ ನಾನೇ. ನಾಲ್ಕು ದಿನ, ದಿನಕ್ಕೊಂದು ಆಟಕ್ಕೆ ಹೋಗಿ ಹಾಗೆ ಕೂಗಿದೆ, ಅದೊಂದು ಪರಾಕ್ರಮ ಎಂದುಕೊಂಡಿದ್ದೆ.

ಮೂರನೆಯದು ಬಂದಾಗ ಗೆಳೆಯ ಊರಲ್ಲಿರಲಿಲ್ಲ, ಹಡಗಲಿಯ ಅಕ್ಕನ ಮನೆಗೆ ಹೋಗಿದ್ದ. ನಾನೊಬ್ಬನೇ ನೋಡಿದೆ. ಮಧ್ಯಂತರ ಆದ ಸ್ವಲ್ಪ ಹೊತ್ತಿಗೆ ವೀರ ಮುಖವಾಡ ಹಾಕಿಕೊಂಡು ಊರ ಬಾವಿಯ ಹತ್ತಿರ ನಿಂತಿದ್ದಾನೆ. ಮರುಕ್ಷಣ ಬರಿ ಮುಖದಲ್ಲಿ, ಮುಖವಾಡ ಕೈಯಲ್ಲಿ ಹಿಡಿದು, ಸೋತವನ ಹಾಗೆ ಬೀದಿಯಲ್ಲಿ ನಡೆಯುತ್ತಿದ್ದಾನೆ. ಯಾಕೆ, ಏನು, ಒಂದೂ ಇಲ್ಲ. ಕಥೆ ಬರೆದವನಿಗೆ ಅರ್ಧದಲ್ಲಿ ತೂಕಡಿಕೆ ಬಂದಿರಬೇಕು, ಮೂರರಲ್ಲಿ ಇದೇ ಕಳಪೆ ಎಂದು ಸಾರಿಬಿಟ್ಟೆ.

ಗೆಳೆಯ ಹಡಗಲಿಯಿಂದ ಬಂದವನು ಮೂರರಲ್ಲಿ ಇದೇ ಉತ್ತಮ ಎಂದ. ಅವನೂ ಅಲ್ಲಿ ನೋಡಿದ್ದ. ಸಂಜೆ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಏಳೆಂಟು ಜನ ಕೂತಿದ್ದೆವು, ಕಾರಣ ಹೇಳು ಎಂದೆ. ಹೇಳಿದ. ವೀರ ಮುಖವಾಡ ತೆಗೆದು ಎಷ್ಟೋ ವರ್ಷದ ಮೇಲೆ ತಾಯಿಯ ಮನೆಗೆ ಹೋಗುತ್ತಾನೆ. ಅವಳಿಗೆ ಗುರುತು ಸಿಗುವುದಿಲ್ಲ, ದಾರಿಹೋಕನಿಗೆ ಕೊಟ್ಟ ಹಾಗೆ ಒಂದು ತಂಬಿಗೆ ನೀರು ಕೊಡುತ್ತಾಳೆ. ಅವನು ತಡೆಯಲಾರದೆ ಮುಖವಾಡ ಹಾಕಿಕೊಳ್ಳುತ್ತಾನೆ. ಕೂಡಲೇ ಆ ತಾಯಿ ಊರವರೆಲ್ಲ ಬಿದ್ದಂತೆ ಅವನ ಕಾಲಿಗೆ ಬೀಳುತ್ತಾಳೆ. ಹೆತ್ತವಳಿಂದ ಕಾಲಿಗೆ ಬೀಳಿಸಿಕೊಂಡೆನಲ್ಲ ಎಂದು ಅವನು ಮುಖವಾಡ ಕಿತ್ತು ಹೊರಟುಬಿಡುತ್ತಾನೆ.

ಈಗ ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ. ಅವತ್ತು ನಾನು ನಕ್ಕೆ. ಅಂಥದ್ದು ಸಿನಿಮಾದಲ್ಲಿ ಇಲ್ಲವೇ ಇಲ್ಲ, ಇವನು ಕತೆ ಕಟ್ಟುತ್ತಿದ್ದಾನೆ ಎಂದೆ. ಉಳಿದವರೂ ಕೊಟ್ಟೂರಲ್ಲೇ ನೋಡಿದವರು, ನನ್ನ ಕಡೆಯೇ ನಿಂತರು.

"ನಾ ಕಣ್ಣಾರೆ ನೋಡೀನಿ," ಅಂದ.

"ಸುಳ್ಳ ಹೇಳೋದು ಬಿಡಲೇ," ಅಂದೆ.

ಅವನು ಎದ್ದು ಹೋದ. ವಾದದಲ್ಲಿ ಸೋತವನು ಎದ್ದು ಹೋಗುತ್ತಾನೆ ಎಂಬುದು ನನ್ನ ತಿಳಿವಳಿಕೆ.

ಅದೇ ವಾರ ಅಪ್ಪ ನನ್ನನ್ನು ಅಂಗಡಿಗೆ ಕರೆದರು. ಕಾಟಾದ ಹತ್ತಿರ ನಿಂತು ಚೀಲದ ತೂಕ ಕೂಗಿ ಹೇಳುವವನು ಬೇಕಾಗಿದ್ದ. ರೈತರು ಆ ಕೂಗಿನ ಮೇಲೆಯೇ ನಂಬಿಕೆ ಇಟ್ಟು ಮಾಲು ಬಿಡುತ್ತಾರೆ, ಅಲ್ಲಿ ನಿಲ್ಲುವವನ ನಾಲಿಗೆ ನೆಟ್ಟಗಿರಬೇಕು. ಪಿಯುಸಿ ಮುಗಿಸಿ ಕೂತಿದ್ದ ಮಗನನ್ನು ತೆಗೆದುಕೊಳ್ಳಿ ಎಂದು ಗೆಳೆಯನ ಅಪ್ಪ ಕೇಳಿಕೊಂಡಿದ್ದರು. ಅವನ ಮಾತು ನಂಬಬಹುದೇ ಎಂದು ಅಪ್ಪ ನನ್ನನ್ನು ಕೇಳಿದರು.

"ಸ್ವಲ್ಪ ಸುಳ್ಳ ಹೇಳತಾನ್ರಿ," ಅಂದೆ.

ಸಿನಿಮಾದ ಸಿಟ್ಟು ಇನ್ನೂ ಆರಿರಲಿಲ್ಲ, ಅಷ್ಟೇ. ಅಪ್ಪನಿಗೂ ಬೇಡ ಎನ್ನಲು ಒಂದು ನೆಪ ಬೇಕಿತ್ತೋ ಏನೋ, ಕಟ್ಟೆಯ ಮೇಲೆ ಕೂಡುವವನನ್ನು ಅಂಗಡಿಯೊಳಗೆ ನಿಲ್ಲಿಸಲು ಅವರಿಗೆ ಅಷ್ಟು ಮನಸ್ಸಿರಲಿಲ್ಲ. ಆದರೆ ನೆಪ ಕೊಟ್ಟವನು ನಾನು. ಕಾಟಾಕ್ಕೆ ಹಗರಿಬೊಮ್ಮನಹಳ್ಳಿಯ ನಮ್ಮ ದೂರದ ಸಂಬಂಧಿಯೊಬ್ಬ ಬಂದ.

ಮರುವರ್ಷ ಒಂದು ನಿಶ್ಚಿತಾರ್ಥಕ್ಕೆಂದು ಹರಪನಹಳ್ಳಿಗೆ ಹೋಗಿದ್ದೆ. ಅಲ್ಲಿಯ ಟಾಕೀಸಿನಲ್ಲಿ ಅದೇ ಮೂರನೆಯ ಸಿನಿಮಾ ಮತ್ತೆ ನಡೆಯುತ್ತಿತ್ತು. ಊಟ ಮುಗಿದ ಮೇಲೆ ಹೊತ್ತು ಹೋಗಲಿ ಎಂದು ಮಧ್ಯಾಹ್ನದ ಆಟಕ್ಕೆ ಕೂತೆ. ಬಾವಿ ಬಂತು. ಆಮೇಲೆ ಆ ಮನೆ ಬಂತು, ತಂಬಿಗೆ ಬಂತು, ತಾಯಿ ಕಾಲಿಗೆ ಬಿದ್ದಳು. ಅವನು ಹೇಳಿದ್ದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಪಕ್ಕದ ಮುದುಕರೊಬ್ಬರು ಮೂಗು ಒರೆಸಿಕೊಳ್ಳುತ್ತಿದ್ದರು.

ಊರಿಗೆ ಬಂದು ನಮ್ಮ ಟೆಂಟಿನ ಆಪರೇಟರನ್ನು ಕೇಳಿದೆ. ಅವರು ಬೀಡಿ ಹಚ್ಚುತ್ತ ತಣ್ಣಗೆ ಹೇಳಿದರು: "ಅಳು ಬಂದ್ರ ನೀವ ಅಲ್ಲೇನ್ರಿ ಸೀಟಿ ಹೊಡೀತಿದ್ದವ್ರು? ಅದಕ್ಕ ಆ ರೀಲು ಏರಿಸಲೇ ಇಲ್ಲ."

ಅವತ್ತೇ ಗೆಳೆಯನ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಸಿನಿಮಾದ ಮಾತು ಎತ್ತಿದರೆ ಅಪ್ಪನ ಮುಂದೆ ಆಡಿದ ಮಾತೂ ಹೊರಬೀಳುತ್ತದೆ ಎಂಬ ಅಂಜಿಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ್ದೂ ತಪ್ಪು, ಆಮೇಲೆ ಆಡದೆ ಉಳಿದದ್ದು ಇನ್ನೂ ದೊಡ್ಡ ತಪ್ಪು.

ನಾಲ್ಕನೆಯದನ್ನು ಇಬ್ಬರೂ ಕೂಡಿಯೇ ನೋಡಿದೆವು. ಪೂರ್ತಿ ಬಣ್ಣದ್ದು, ಹಡಗು, ವಿಮಾನ ಎಲ್ಲ ಇತ್ತು. ಆದರೆ ವೀರನಿಗೆ ಹೊಟ್ಟೆ ಬಂದಿತ್ತು, ಮಾಳಿಗೆ ಹಾರುವಾಗ ಬೇರೆ ಯಾರೋ ಹಾರುತ್ತಿದ್ದರು. ನಾನು ಹೇಳಿದ್ದಕ್ಕೆಲ್ಲ ಗೆಳೆಯ ಖರೆ, ಖರೆ ಎನ್ನುತ್ತ ಬಂದ. ಒಂದಕ್ಕೂ ಎದುರಾಡಲಿಲ್ಲ. ಅಂತೂ ನನ್ನ ಅಭಿಪ್ರಾಯಕ್ಕೆ ಬೆಲೆ ಬಂತು ಎಂದು ಆ ಹೊತ್ತು ಖುಷಿಪಟ್ಟೆನಲ್ಲ, ಎಂಥ ಮೂರ್ಖ ನಾನು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಹೊಲದ ಕಾಗದಕ್ಕೆಂದು ಕೂಡ್ಲಿಗಿಯ ಕಚೇರಿಗೆ ಹೋದರೆ ಮೇಜಿನ ಹಿಂದೆ ಅವನೇ ಕೂತಿದ್ದ. ಪರೀಕ್ಷೆ ಬರೆದು ನೌಕರಿ ಹಿಡಿದಿದ್ದ. ನನ್ನ ಕೆಲಸ ಮಾಡಿಕೊಟ್ಟು ಹೊರಗೆ ಕರೆದುಕೊಂಡು ಹೋಗಿ ಮಂಡಕ್ಕಿ, ಮೆಣಸಿನಕಾಯಿ ಕೊಡಿಸಿದ. ಅವನ ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಈಗಲಾದರೂ ಹೇಳಿಬಿಡೋಣ ಎಂದು ಮೂರನೆಯ ಸಿನಿಮಾದ ಆ ರೀಲಿನ ಕಥೆ ಹೇಳಿದೆ, ನೀನು ಹೇಳಿದ್ದು ಖರೆ ಇತ್ತು ಎಂದೆ. ಅವನು ಅದು ತನಗೆ ಗೊತ್ತೇ ಇತ್ತಲ್ಲ ಎಂದು ನಕ್ಕ. ಆಮೇಲೆ, ಅಪ್ಪನ ಮುಂದೆ ಒಂದು ಮಾತು ಆಡಿದ್ದೆ ಎಂದು ಶುರು ಮಾಡಿದೆ.

"ಗೊತ್ತೈತಿ ಬಿಡು," ಅಂದ. "ಅವತ್ತ ಸಂಜಿಗೇ ನಿಮ್ಮಪ್ಪಾರು ನಮ್ಮಪ್ಪಗ ಹೇಳಿದ್ರು. ಸಾವ್ಕಾರ್ರ ಮನ್ಯಾಗ ಏನು ಸುಳ್ಳ ಹೇಳೀದಿ ಅಂತ ನಮ್ಮಪ್ಪ ನನಗ ಹೊಡದ. ಸಿನಿಮಾದ್ದು ಅಂದ್ರ ನಂಬಲಿಲ್ಲ. ಏನೋ ಕದ್ದಾನ ಅಂತಾನ ತಿಳಕೊಂಡಿದ್ದ. ಸಾಯೋ ಮುಂದೂ ಕೇಳಿದ, ಈಗರೆ ಹೇಳಪ್ಪಾ ಅಂತ."

ಅವನು ಕೈ ತೊಳೆದುಕೊಂಡು, ಹೊತ್ತಾಯಿತು ಎಂದು ಕಚೇರಿಗೆ ಹೋದ.

ಅವನ ಅಪ್ಪ ಅದಾದ ಮೇಲೂ ಐದಾರು ವರ್ಷ ನಮ್ಮ ಅಂಗಡಿಯಲ್ಲಿ ಚೀಲ ಹೊತ್ತರು. ನಾನು ಗಲ್ಲಾದ ಮೇಲೆ ಕೂತಿರುವಾಗ ದಿನಾ ನನ್ನೆದುರೇ ಹಾದುಹೋಗುತ್ತಿದ್ದರು, ತಲೆ ತಗ್ಗಿಸಿಕೊಂಡು. ಬೆನ್ನ ಮೇಲಿನ ಭಾರಕ್ಕೆ ತಗ್ಗಿಸುತ್ತಾರೆ ಎಂದುಕೊಂಡಿದ್ದೆ. ನಿನ್ನ ಮಗ ಏನೂ ಸುಳ್ಳು ಹೇಳಿಲ್ಲ ಎಂದು ನಾನೊಬ್ಬ ಹೇಳಿದ್ದರೆ ಅವರು ನಂಬುತ್ತಿದ್ದರು.