ಕತ್ತಿಯ ಮೇಲಿನ ಎರಡಕ್ಷರ

ನಮ್ಮ ಭಾವ ಮೇಜರ್ ಬದರೀನಾಥ ಎಪ್ಪತ್ತೊಂದರ ಯುದ್ಧದಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡು, ಸೈನ್ಯದಿಂದ ನಿವೃತ್ತರಾಗಿ ಬಂದು ಆರ್.ಟಿ. ನಗರದಲ್ಲಿ ಮನೆ ಕಟ್ಟಿದರು. ಇನ್ನಾದರೂ ಆಯುಧಗಳ ಸಹವಾಸ ತಪ್ಪಿತು ಎಂದು ನನ್ನ ಅಕ್ಕ ಕೃಷ್ಣವೇಣಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಭಾವ ಹಳೆಯ ಕತ್ತಿ ಕಠಾರಿಗಳ ಇತಿಹಾಸ ಬರೆಯಲು ಕೂತರು. “ಬಂದೂಕ ಹೋಯ್ತು, ಕತ್ತಿ ಬಂತು. ನನ್ ಹಣೆಬರಹ ಕಣೋ ಶೇಷಗಿರಿ” ಎಂದು ಅಕ್ಕ ನನ್ನ ಹತ್ತಿರ ಗೊಣಗುತ್ತಿದ್ದಳು.

ಭಾವನಿಗೆ ಒಂದೇ ಕೊರಗು. ಕತ್ತಿ ಹಿಡಿದ ಪಾಳೇಗಾರರ ಹೆಸರು ಎಲ್ಲರಿಗೂ ಗೊತ್ತು. ಕುಲುಮೆಯ ಮುಂದೆ ಬೆವರು ಸುರಿಸಿ ಅದನ್ನು ಮಾಡಿದವನ ಹೆಸರು ಎಲ್ಲೂ ಇಲ್ಲ. ಅಂಥ ಒಬ್ಬನ ಹೆಸರಾದರೂ ಸಿಕ್ಕಬೇಕು, ಪುಸ್ತಕ ಅವನಿಂದಲೇ ಶುರುವಾಗಬೇಕು ಎಂದು ಹಂಬಲಿಸುತ್ತಿದ್ದರು.

ರಾಜಾನುಕುಂಟೆಯ ಮುನಿನಾರಾಯಣಮ್ಮ ಎಂಬ ಅಜ್ಜಿಯ ಮನೆಯಲ್ಲಿ ಹಳೆಯ ಕತ್ತಿಯೊಂದು ಮನೆದೇವರಾಗಿ ಗೋಡೆಗೆ ಒರಗಿತ್ತು. ತಲೆಮಾರುಗಳ ಅರಿಶಿನ ಕುಂಕುಮ ಮೆತ್ತಿ, ಅದು ಕತ್ತಿಯೋ ಕೊರಡೋ ತಿಳಿಯುತ್ತಿರಲಿಲ್ಲ. ಒಂದು ಆಯುಧಪೂಜೆಗೆ ನಾವು ಹೋದಾಗ ಹಿಡಿಯ ಹತ್ತಿರ ಹಕ್ಕಳೆ ಎದ್ದು ಕೊರೆದ ಅಕ್ಷರಗಳು ಕಂಡವು: ‘ಮಾಡಿದಾತ ಮುನಿ...’ ಮುಂದಿನದು ಕುಂಕುಮದ ಅಡಿಯಲ್ಲಿತ್ತು.

ನನಗೆ ನಗು ಬಂತು. “ಭಾವ, ಈ ಕಡೆ ಮುನಿ ಅಂತ ಕೂಗಿದ್ರೆ ಅರ್ಧ ಊರೇ ಓಗೊಡುತ್ತೆ!”

ತೊಳೆಯಲು ಕೇಳಿದರೆ ಅಜ್ಜಿ, “ದ್ಯಾವ್ರ ಮೈ ತೊಳ್ಯಾಕೆ ನಾನ್ಯಾರು ಸಾಮಿ? ಅವ್ನನ್ನೇ ಕೇಳ್ಬೇಕು” ಎಂದಳು. ಕೇಳುವುದೆಂದರೆ ಕತ್ತಿಗೆ ಹೂ ಅಂಟಿಸಿ ಕಾಯುವುದು. ಬಲಕ್ಕೆ ಬಿದ್ದರೆ ಅಪ್ಪಣೆ. ಹೂ ಎಡಕ್ಕೆ ಬಿತ್ತು. ಮರುವರ್ಷವೂ ಎಡಕ್ಕೆ. ಪ್ರತಿ ಆಯುಧಪೂಜೆಗೆ ಭಾವ ನನ್ನ ಸ್ಕೂಟರಿನ ಹಿಂದೆ ಕೂತು ಹೊರಡುವರು. ಗುಂಡಿಗೆ ಎದೆಯೊಡ್ಡಿದ ಮನುಷ್ಯ ಒಂದು ಸೇವಂತಿಗೆಯ ಮುಂದೆ ಉಸಿರು ಬಿಗಿಹಿಡಿದು ಕೂರುವರು.

“ಅಜ್ಜಿ ಒಳಗೆ ಹೋದಾಗ ಉಗುರಲ್ಲಿ ಕೆರೆದು ನೋಡ್ಬಿಡಿ ಭಾವ” ಎಂದೆ ಒಮ್ಮೆ.

“ಅವರ ದೇವರು ಕಣೋ. ಅಪ್ಪಣೆ ಇಲ್ದೆ ಮುಟ್ಟಬಾರದು.”

ಎಂಬತ್ತಮೂರರಲ್ಲಿ ಹೂ ಬಲಕ್ಕೆ ಬಿತ್ತು. ಭಾವ ಗಟ್ಟಿಯಾಗಿ ನನ್ನ ಕೈ ಹಿಡಿದುಕೊಂಡರು. “ಸುಕ್ರವಾರ ಬನ್ನಿ, ತೊಳ್ದು ಇಟ್ಟಿರ್ತೀನಿ” ಎಂದಳು ಅಜ್ಜಿ. ಅಲ್ಲಿಯವರೆಗೆ ಭಾವನಿಗೆ ಊಟ ಸೇರಲಿಲ್ಲ.

ಶುಕ್ರವಾರ ಹೋದರೆ ಕತ್ತಿ ಕನ್ನಡಿಯಂತೆ ಹೊಳೆಯುತ್ತಿತ್ತು. “ಬರೀ ತೊಳೆದ್ರೆ ಚೆಂದಾಗಿರಾಕಿಲ್ಲ ಅಂತ ಸಾಣೆ ಇಡಿಯೋ ಮಜೀದನ ತಾವ ಎಲ್ಡೂ ಕಡೆ ಉಜ್ಜಿಸ್ದೆ. ಇಷ್ಟ್ ವರ್ಸ ಕಾದೀರಿ, ನಿಮ್ಗೋಸ್ಕರ” ಎಂದು ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ಹಿಡಿಯ ಹತ್ತಿರ ಒಂದಕ್ಷರವೂ ಉಳಿದಿರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಭಾವ ನನ್ನ ಭುಜ ಅದುಮಿದರು. ಕತ್ತಿಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು, “ತುಂಬಾ ಚೆನ್ನಾಗಿದೆ ಕಣಮ್ಮ” ಎಂದರು. ಅಜ್ಜಿ ಕೊಟ್ಟ ಕುಂಕುಮವನ್ನು ತಾವೇ ಅದಕ್ಕೆ ಹಚ್ಚಿದರು. ವಾಪಸ್ಸು ಬರುವಾಗ ಯಲಹಂಕದವರೆಗೂ ಅವರ ಹಣೆ ನನ್ನ ಬೆನ್ನಿಗೆ ಒರಗಿತ್ತು, ನನ್ನ ಅಂಗಿ ಒದ್ದೆಯಾಗಿತ್ತು. ನಾನೂ ಅತ್ತೆ.

ಪುಸ್ತಕ ಬರೆಯುವುದನ್ನು ಅವರು ಬಿಡಲಿಲ್ಲ. ಮೊದಲ ಅಧ್ಯಾಯ ಮಾತ್ರ ಬರೆಯಲೇ ಇಲ್ಲ. ಆಮೇಲಾಮೇಲೆ ಯಲಹಂಕದ ಬಸ್ ಸ್ಟ್ಯಾಂಡಿನಲ್ಲೋ ಯಶವಂತಪುರದ ಮಾರುಕಟ್ಟೆಯಲ್ಲೋ ಯಾರಾದರೂ “ಏ ಮುನೀ” ಎಂದು ಕೂಗಿದರೆ ಭಾವ ಗಕ್ಕನೆ ನಿಂತುಬಿಡುತ್ತಿದ್ದರು. ಕೂಗಿದವರು ಹೆಸರಿನ ಉಳಿದರ್ಧವನ್ನೂ ಹೇಳುತ್ತಾರೇನೋ ಎಂದು ಕಾಯುತ್ತಿದ್ದರು.