ಹಾಲು ಬಿಡಿಸಿದ ಹದಿನೈದು ದಿನ

ಆ ನಾಯಿಯನ್ನು ನಾವು ಬಯಸಿ ತಂದವರಲ್ಲ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಅದರ ಮುಂಭಾಗದಲ್ಲಿ ಬ್ಯಾಂಕಿನವರೊಬ್ಬರ ಸಂಸಾರ ಬಾಡಿಗೆಗಿತ್ತು. ವರ್ಗವಾಗಿ ಹೊರಟ ದಿನ ಮಂಚ, ಬೀರು, ಕೊನೆಗೆ ಹೂವಿನ ಕುಂಡಗಳನ್ನೂ ಲಾರಿಗೆ ಹೇರಿಕೊಂಡರು. ನಾಯಿಯನ್ನು ಮಾತ್ರ ನಮ್ಮ ಜಗಲಿಯ ಕಂಬಕ್ಕೆ ಕಟ್ಟಿ, ಒಂದು ವಾರ ನೋಡಿಕೊಂಡಿರಿ, ಬಂದು ಕರೆದುಕೊಂಡು ಹೋಗುತ್ತೇವೆ ಅಂದರು. ಅವರ ಆ ವಾರ ಇನ್ನೂ ಮುಗಿದಿಲ್ಲ.

ಪಾಮೇರಿಯನ್ ಜಾತಿಯ ಬಿಳಿ ನಾಯಿ. ಮೊಳದುದ್ದ ಮೈ, ಮೈತುಂಬ ಜೂಲು. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ನನ್ನ ಅತ್ತೆಯ ನಾಲಿಗೆಯಲ್ಲಿ ಆ ಹೆಸರು ಹೊರಳದೆ ನಾಯಿ ‘ಬಿಳೇದು’ ಆಯಿತು. ನಾಯಿಯ ಗಾಳಿ ಒಲೆಯ ಕಡೆ ಸುಳಿಯಬಾರದು ಅನ್ನುವ ಮನೆ ನಮ್ಮದು. ಲಿಂಗಪೂಜೆ ಆಗದೆ ಅತ್ತೆ ನೀರು ಕೂಡ ಕುಡಿಯುತ್ತಿರಲಿಲ್ಲ. ಮೂರನೇ ದಿನವೇ ನಾಯಿಯನ್ನು ಸಂತೆಯ ದಿನ ಯಾರಿಗಾದರೂ ಕೊಟ್ಟುಬಿಡಿ ಎಂದು ಹಟ ಹಿಡಿದರು. ನಾಲ್ಕನೇ ದಿನ ಅದರ ಹೊಟ್ಟೆ ಮುಟ್ಟಿ ನೋಡಿ ಸುಮ್ಮನಾದರು.

"ಬಸುರಿ ಹೆಣ್ಣನ್ನ ಬೀದಿಗೆ ಬುಡಕ್ಕಾಯ್ತದಾ? ಹೆತ್ತು ಹಗುರಾಗ್ಲಿ, ಆಮ್ಯಾಕೆ ನೋಡಾನ" ಅಂದರು.

ಕೊಬ್ಬರಿ ಅಟ್ಟದ ಕೆಳಗೆ, ತೆಂಗಿನ ನಾರಿನ ಗುಡ್ಡೆಯಲ್ಲಿ ಬಿಳೇದು ನಾಲ್ಕು ಮರಿ ಹಾಕಿತು. ಮೂರು ಗುಂಡುಗುಂಡಾಗಿದ್ದವು. ನಾಲ್ಕನೆಯದು ಪೀಚು, ಅದರ ಒಂದು ಕಿವಿಗೆ ಬೆಲ್ಲದ ಬಣ್ಣ. ಅತ್ತೆ ದಿನಾ ಬಿಸಿ ಅನ್ನಕ್ಕೆ ತುಪ್ಪ ಹಾಕಿ, ಯಾರಿಗೂ ಕಾಣದ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು ಅಟ್ಟದ ಕಡೆ ಹೋಗುವುದನ್ನು ನಾನು ನೋಡಿದೆ. ನನಗೆ ಸುಮ್ಮನಿರಲಾಗಲಿಲ್ಲ. ನನ್ನ ಬಾಣಂತನದಲ್ಲಿ ಇಷ್ಟು ತುಪ್ಪ ಬೀಳಲಿಲ್ಲವಲ್ಲ ಅತ್ತೆ ಅಂದೆ.

"ನಿಂಗೆ ಒಂದು, ಅದ್ಕೆ ನಾಕು ಕಣವ್ವ" ಅಂದರು, ಸ್ವಲ್ಪವೂ ನಾಚಿಕೊಳ್ಳದೆ.

ನನ್ನ ಒಂದಕ್ಕೆ ಆಗ ಒಂದೂಮುಕ್ಕಾಲು ವರ್ಷ. ನನ್ನ ಮಗಳು ಅನ್ನ, ಮುದ್ದೆ ಎಲ್ಲ ತಿನ್ನುತ್ತಿದ್ದಳು, ಆದರೆ ಎದೆಹಾಲು ಬಿಟ್ಟಿರಲಿಲ್ಲ. ಮೊಲೆ ಬಾಯಲ್ಲಿಲ್ಲದೆ ನಿದ್ದೆಯೇ ಇಲ್ಲ. ಹಗಲೆಲ್ಲ ಮರಿಗಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವು ಹಾಲು ಕುಡಿಯುವುದನ್ನು ನೋಡಿ ನೋಡಿ, ತನಗೂ ನೆನಪಾಗಿ ಓಡಿಬಂದು ನನ್ನ ಸೆರಗು ಎಳೆಯುತ್ತಿದ್ದಳು. ಮರಿಗಳಿಗೆ ಮೂರು ವಾರವಾದಾಗ ನನಗೆ ಕಾಗದ ಬಂತು. ತುಮಕೂರಿನಲ್ಲಿ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿತ್ತು. ಎರಡು ವರ್ಷ, ಹಾಸ್ಟೆಲಿನಲ್ಲಿರಬೇಕು, ಹದಿನೈದು ದಿನದೊಳಗೆ ಸೇರಬೇಕು.

ಇಲ್ಲೊಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನನ್ನನ್ನು ಯಾರೂ ದಬ್ಬಲಿಲ್ಲ. ಹೋಗೋದಾದ್ರೆ ಹೋಗು, ಇರೋದಾದ್ರೆ ಇರು ಅಂದರು ನನ್ನ ಯಜಮಾನರು. ಕೊಬ್ಬರಿ ಹರಾಜಿಗೆ ಹೊರಟವರು ಚಪ್ಪಲಿ ಮೆಟ್ಟುತ್ತಲೇ ಹೇಳಿದ ಮಾತು ಅದು. ತಡೆಯುತ್ತಾರೆ ಅಂದುಕೊಂಡಿದ್ದ ಅತ್ತೆಯೇ, "ಓದಿದ್ದು ದಂಡ ಮಾಡ್ಬ್ಯಾಡ. ಮಗೀನ ನಾನು ನೋಡ್ಕತೀನಿ, ಹೋಗು" ಅಂದರು. ನನಗೆ ಹೋಗಬೇಕಿತ್ತು. ಮೇಷ್ಟ್ರಾಗಬೇಕು ಅನ್ನುವುದು ಹೈಸ್ಕೂಲಿನಿಂದಲೂ ನನ್ನ ತಲೆಯಲ್ಲಿ ಕೂತಿದ್ದ ಹುಚ್ಚು. ಹಾಗಾಗಿ ಮುಂದೆ ಆದದ್ದಕ್ಕೆಲ್ಲ ನಾನೇ ಹೊಣೆ.

ಹದಿನೈದು ದಿನದಲ್ಲಿ ಮಗಳಿಗೆ ಹಾಲು ಬಿಡಿಸಬೇಕು. ಮರಿಗಳಿಗೂ ಬಿಡಿಸಿ ಮನೆ ನೋಡಬೇಕು, ಯಾಕೆಂದರೆ ಮಗು ಮತ್ತು ನಾಲ್ಕು ಮರಿ ಎರಡನ್ನೂ ಅತ್ತೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಮರಿಗಳು ಎರಡು ತಿಂಗಳು ತಾಯಿಯ ಹತ್ತಿರ ಇರಬೇಕು ಎಂದು ಆಮೇಲೆ ಎಲ್ಲರೂ ಹೇಳಿದರು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಆತುರಗಾತಿಗೂ ಅಷ್ಟೇ. ಕಾಯಿಯೊಳಗಿನ ತಿರುಳು ತಾನಾಗಿ ಚಿಪ್ಪು ಬಿಡಲಿ ಅಂತ ವರ್ಷಪೂರ್ತಿ ಅಟ್ಟದಲ್ಲಿ ಹಾಕಿ ಕಾಯುವ ಜನ ನಾವು. ನನ್ನ ಮಗಳಿಗೆ ನಾನು ಕೊಟ್ಟದ್ದು ಹದಿನೈದು ದಿನ.

ಮರಿಗಳಿಗೆ ರಾಗಿ ಸರಿ ಶುರು ಮಾಡಿದೆ. ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಗಾಳಿಸಿಟ್ಟ ಹಿಟ್ಟು ಮಗಳಿಗಾಗಿ ಮಾಡಿದ್ದು ಇನ್ನೂ ಡಬ್ಬದಲ್ಲಿತ್ತು. ಮೊದಲ ದಿನ ತಟ್ಟೆಯಲ್ಲಿ ಇಟ್ಟರೆ ನಾಲ್ಕೂ ತಟ್ಟೆಯೊಳಗೇ ಇಳಿದವು. ಒಂದು ಅದರಲ್ಲೇ ಮಲಗಿತು. ಆಮೇಲೆ ನಾಲ್ಕು ತೆಂಗಿನ ಚಿಪ್ಪುಗಳನ್ನು ಮರಳಲ್ಲಿ ಅರ್ಧ ಹೂತು, ಒಂದೊಂದಕ್ಕೆ ಒಂದೊಂದು ಮಾಡಿದೆ. ಬೆರಳು ಅದ್ದಿ ಬಾಯಿಗೆ ಹಚ್ಚಿದರೆ ಚಪ್ಪರಿಸಿದವು. ಎರಡನೇ ದಿನ ಬೆರಳಿನ ಹಿಂದೆಯೇ ಚಿಪ್ಪಿನ ತನಕ ಬಂದವು, ಮೂರನೇ ದಿನ ಮೂರು ಮರಿ ತಾವಾಗಿ ನೆಕ್ಕಿದವು. ಪೀಚು ಮಾತ್ರ ಬೆರಳು ಬಿಟ್ಟರೆ ಬಾಯಿ ಮುಚ್ಚುತ್ತಿತ್ತು. ಬಿಳೇದು ಬಂದು, ಮೂತಿಗೆಲ್ಲ ಸರಿ ಮೆತ್ತಿಕೊಂಡ ಮರಿಗಳನ್ನು ಒಂದೊಂದಾಗಿ ನೆಕ್ಕಿ ಬೆಳ್ಳಗೆ ಮಾಡಿ, ಮತ್ತೆ ಹಾಲಿಗೆ ಮಲಗುತ್ತಿತ್ತು. ಸರಿ ತಿಂದ ಹೊಟ್ಟೆಯಲ್ಲೂ ಅವು ಹಾಲು ಕುಡಿಯುತ್ತಿದ್ದವು.

ಮಗಳದ್ದು ಬೇರೆ ಕಥೆ. ಮಕ್ಕಳಿಗೆ ಹಾಲು ಬಿಡಿಸಲು ನಮ್ಮಲ್ಲಿ ಬೇವಿನ ಸೊಪ್ಪು ಅರೆದು ಮೊಲೆಗೆ ಹಚ್ಚಿಕೊಳ್ಳುತ್ತಾರೆ. ನಮ್ಮವ್ವನೂ ಹಚ್ಚಿಕೊಂಡಿದ್ದಳಂತೆ, ಅತ್ತೆಯೂ ಹಚ್ಚಿಕೊಂಡಿದ್ದರಂತೆ. ಅತ್ತೆ ಒರಳಲ್ಲಿ ನುಣ್ಣಗೆ ಅರೆದು ಬಟ್ಟಲಲ್ಲಿ ತಂದಿಟ್ಟರು. "ನಾನು ಹಚ್ಚಲ್ಲ ಕಣವ್ವ, ನೀನೇ ಹಚ್ಕ" ಎಂದು ಹೊರಗೆ ಹೋಗಿ ಕೂತರು.

ಮಗಳು ಬಂದಳು, ಬಾಯಿ ಹಾಕಿದಳು, ಮುಖ ಹಿಂಡಿದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ನನ್ನ ಮುಖ ನೋಡಿದಳು. ಆಮೇಲೆ ತನ್ನ ಲಂಗದ ಅಂಚು ಹಿಡಿದು, ಅವ್ವನಿಗೆ ಏನೋ ಗಲೀಜು ಹತ್ತಿದೆ ಅನ್ನುವ ಹಾಗೆ ಒರೆಸತೊಡಗಿದಳು. ಒರೆಸಿ ಮತ್ತೆ ಬಾಯಿ ಹಾಕಿದಳು. ಮತ್ತೆ ಕಹಿ. ಮತ್ತೆ ಒರೆಸಿದಳು. ನಾನು ಕಲ್ಲಿನ ಹಾಗೆ ಕೂತಿದ್ದೆ. ಎರಡನೇ ದಿನವೂ ಬಂದಳು. ಮೂರನೇ ದಿನ ಮಲಗುವ ಹೊತ್ತಿಗೆ, ನಾನೇ ತಡೆಯಲಾರದೆ ಹತ್ತಿರ ಎಳೆದುಕೊಂಡರೆ, ನನ್ನ ಸೆರಗನ್ನು ತಾನೇ ಎಳೆದು ನನ್ನ ಎದೆ ಮುಚ್ಚಿ, ಮಗ್ಗುಲು ತಿರುಗಿ ಮಲಗಿದಳು. ಗೆದ್ದೆ ಅನ್ನಬೇಕಿತ್ತು. ಅವಳ ಬೆನ್ನು ನೋಡುತ್ತ ಎಚ್ಚರವಾಗೇ ಮಲಗಿದ್ದೆ.

ಮಾರನೆಯ ಬೆಳಿಗ್ಗೆ ಬಟ್ಟಲಲ್ಲಿ ಬೇವು ಉಳಿದಿತ್ತು. ನನಗೆ ಹೊಳೆದದ್ದು ಆಗಲೇ. ಮಗುವಿಗೆ ಆದ ಉಪಾಯ ಮರಿಗೆ ಯಾಕಾಗಬಾರದು? ಅಟ್ಟದ ಕೆಳಗೆ ಹೋಗಿ, ಬಿಳೇದನ್ನು ಕಾಲ ಸಂದಿಯಲ್ಲಿ ಹಿಡಿದು, ಅದರ ಎಲ್ಲ ಮೊಲೆಗಳಿಗೂ ದಪ್ಪಗೆ ಬಳಿದು ಬಿಟ್ಟೆ. ಮರಿಗಳು ಮೂಸಿ ಹಿಂದೆ ಸರಿದು ಕುಂಯ್ಗುಟ್ಟಿದವು.

ಬಿಳೇದು ಅವುಗಳನ್ನು ನೋಡಿತು, ಕುಕ್ಕರಿಸಿ ಕೂತು ತನ್ನ ಹೊಟ್ಟೆಯನ್ನು ಮೂಸಿತು. ಆಮೇಲೆ ನೆಕ್ಕಲು ಶುರು ಮಾಡಿತು. ಕಹಿಗೆ ಬಾಯಿ ಸೊಟ್ಟಗಾಗಿ, ಜೊಲ್ಲು ಸುರಿದು, ಒಂದು ಸಲ ಓಕರಿಸಿತು. ಆದರೂ ಬಿಡಲಿಲ್ಲ. ಒಂದಾದ ಮೇಲೆ ಒಂದು ಮೊಲೆಯನ್ನು ನೆಕ್ಕಿ ತೊಳೆದು, ಹಸಿರೆಲ್ಲ ಹೋದ ಮೇಲೆ ಮಗ್ಗುಲಾಗಿ ಮಲಗಿ ಕಾಲೆತ್ತಿತು. ನಾಲ್ಕೂ ಮುಗಿಬಿದ್ದು ಕುಡಿದವು. ಪೀಚಿಗೆ ಜಾಗ ಸಿಗದಿದ್ದಾಗ ಅದನ್ನು ಮೂತಿಯಿಂದ ಮುಂದಕ್ಕೆ ತಳ್ಳಿತು.

ನನಗೆ ಬಂದದ್ದು ಕನಿಕರವಲ್ಲ, ಸಿಟ್ಟು. ಇಂದಿಗೂ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಒಂದು ನಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಬಚ್ಚಲಲ್ಲಿ ಹಂಡೆ ತುಂಬ ನೀರಿತ್ತು. ನಾನೂ ಎದ್ದು ಹೋಗಿ ತೊಳೆದುಕೊಳ್ಳಬಹುದಿತ್ತು. ಮೂರು ದಿನವೂ ತೊಳೆದುಕೊಳ್ಳಬಹುದಿತ್ತು. ಬಿಳೇದನ್ನು ಎಳೆದುಕೊಂಡು ಹೋಗಿ ತೋಟದ ಪಂಪ್‌ಸೆಟ್ ಮನೆಯಲ್ಲಿ ಕಟ್ಟಿಹಾಕಿ ಬಾಗಿಲು ಹಾಕಿದೆ. ಊಟ ನೀರು ಅಲ್ಲಿಗೇ ಕೊಟ್ಟೆ. ಮರಿಗಳು ಕೂಗಿದರೆ ಕೇಳದಷ್ಟು ದೂರ ಅದು.

"ಇನ್ನೂ ಎಳೇವು ಕಣವ್ವ, ಅವ್ಕೆ ಬ್ಯಾಡ" ಅಂದರು ಅತ್ತೆ. ರಾಗಿ ಸರಿ ತಿನ್ನುತ್ತವಲ್ಲ, ಸಾಕು ಅಂದೆ.

ಸರಿಗೆ ಹಾಲು ಬೇಕಲ್ಲ. ಮನೆಯ ಹಸು ಆಗ ಹಾಲು ಕಡಿಮೆ ಮಾಡಿತ್ತು. ಇದ್ದ ಒಂದು ಲೋಟ ಮಗಳಿಗೇ ಬೇಕು, ಎದೆಹಾಲು ಬಿಟ್ಟ ಕೂಸು. ಹಾಗಾಗಿ ಮರಿಗಳ ಸರಿಗೆ ತೆಂಗಿನ ಹಾಲು ಹಿಂಡಿದೆ. ಹೋಳಿಗೆಗೂ ಅದೇ, ಶ್ಯಾವಿಗೆಗೂ ಅದೇ, ಹೊಟ್ಟೆ ಉರಿಗೂ ಅದೇ. ತೆಂಗಿನ ಸೀಮೆಯವರಿಗೆ ತೆಂಗಿನಕಾಯಿಯಿಂದ ಕೆಡುಕಾಗುತ್ತದೆ ಅನ್ನುವುದು ಕನಸಿನಲ್ಲೂ ಹೊಳೆಯುವುದಿಲ್ಲ. ಗಟ್ಟಿ ಹಾಲು, ಮೊದಲ ಹಿಂಡು, ಮೇಲೊಂದಿಷ್ಟು ಬೆಲ್ಲ. ಮರಿಗಳು ಚಿಪ್ಪು ಬೆಳಗಿದ ಹಾಗೆ ನೆಕ್ಕಿದವು. ಪೀಚೂ ಅವತ್ತು ಮೊದಲ ಸಲ ತಾನಾಗಿ ತಿಂದಿತು. ನೋಡಿ ಅತ್ತೆ ಎಂದು ಕರೆದು ತೋರಿಸಿದೆ.

ಮರುದಿನ ನಾಲ್ಕಕ್ಕೂ ಬೇಧಿ. ಮೂರು ತಡೆದುಕೊಂಡವು. ಪೀಚು ಸಂಜೆಗೆ ತಲೆ ಎತ್ತಲಿಲ್ಲ. ಟವೆಲಿನಲ್ಲಿ ಸುತ್ತಿಕೊಂಡು ದನದ ಆಸ್ಪತ್ರೆಗೆ ಓಡಿದೆ. ಡಾಕ್ಟರು ಹಳ್ಳಿಯ ಕಡೆ ಹೋಗಿದ್ದರು, ಕಾಂಪೌಂಡರ್ ಇದ್ದರು. ಏನು ಕೊಟ್ಟಿರಿ ಎಂದು ಕೇಳಿದರು. ಹೇಳಿದೆ.

"ಬರೀ ಜಿಡ್ಡು ಕಣಮ್ಮ ಅದು. ಇಷ್ಟು ಎಳೇ ಕರುಳು ತಡೀತದಾ? ತಾಯಿ ಇಲ್ವಾ ಇದಕ್ಕೆ?"

ಅವರು ಕೊಟ್ಟ ಪುಡಿಯನ್ನು ನೀರಲ್ಲಿ ಕದಡಿ ದಾರಿಯಲ್ಲೇ ಹನಿ ಹನಿ ಬಿಟ್ಟೆ. ಮನೆಗೆ ಹೋಗಲಿಲ್ಲ, ನೇರ ತೋಟಕ್ಕೆ ನಡೆದೆ. ಪಂಪ್‌ಸೆಟ್ ಮನೆಯ ಬಾಗಿಲು ತೆಗೆದು ಮರಿಯನ್ನು ಬಿಳೇದರ ಮುಂದೆ ಇಟ್ಟೆ. ಅದರ ಮೊಲೆಗಳು ಕಟ್ಟಿಕೊಂಡು ಕಲ್ಲಾಗಿದ್ದವು, ಮುಟ್ಟಿದರೆ ನರಳಿತು. ಆ ನೋವು ನನಗೆ ಗೊತ್ತಿತ್ತು, ನನ್ನದೂ ಹಾಗೇ ಆಗಿತ್ತು. ಆದರೂ ಅದು ಮಲಗಿ ಕಾಲೆತ್ತಿ ಕಾದಿತು. ಪೀಚು ಬಾಯಿ ತೆರೆಯಲಿಲ್ಲ. ಮೊಲೆ ಹಿಂಡಿ ತುಟಿಗೆ ಹಚ್ಚಿದೆ. ಹಾಲು ಬದಿಯಿಂದ ಇಳಿದು ಹೋಯಿತು. ಕತ್ತಲಾಗುವುದಕ್ಕೆ ಮುಂಚೆಯೇ ಹೋಯಿತು ಮರಿ.

ಅತ್ತೆ ಗುದ್ದಲಿ ತಂದು ತೆಂಗಿನ ಬುಡದಲ್ಲಿ ಗುಂಡಿ ತೋಡಿದರು. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಎದುರು ಮಾತಾಡಿ ಹಗುರವಾಗುತ್ತಿದ್ದೆ. ಬಿಳೇದನ್ನು ಮತ್ತೆ ಕಟ್ಟಲಿಲ್ಲ. ಅದರ ಮೊಲೆಗಳಿಗೆ ಬಿಸಿನೀರಿನ ಬಟ್ಟೆ ಒತ್ತಿ, ಉಳಿದ ಮೂರು ಮರಿಗಳನ್ನು ಹಾಲಿಗೆ ಬಿಟ್ಟೆವು. ಎರಡು ದಿನಕ್ಕೆ ಗಂಟು ಕರಗಿತು.

ಆದರೆ ನನ್ನ ದಿನಗಳು ಮುಗಿಯುತ್ತ ಬಂದಿದ್ದವು. ಒಂದು ಮರಿಯನ್ನು ಚಿಕ್ಕನಾಯಕನಹಳ್ಳಿಯ ದರ್ಜಿಯೊಬ್ಬರು ಒಯ್ದರು. ಒಂದು ಅರಳಗುಪ್ಪೆಯ ಮೇಷ್ಟ್ರ ಮನೆಗೆ, ಇನ್ನೊಂದು ನಮ್ಮವರ ಜೊತೆ ವ್ಯಾಪಾರ ಮಾಡುವವರಿಗೆ. ಹಸುವಿನ ಹಾಲು ನೀರು ಬೆರೆಸಿ ಕೊಡಿ, ತೆಂಗಿನ ಹಾಲು ಮಾತ್ರ ಬೇಡ ಎಂದು ಮೂವರಿಗೂ ಎರಡೆರಡು ಸಲ ಹೇಳಿದೆ. ಪ್ರತಿ ಸಲವೂ ಬಿಳೇದನ್ನು ಬಚ್ಚಲಲ್ಲಿ ಕೂಡಿಹಾಕಿ, ಮರಿಯನ್ನು ಕೈಚೀಲದಲ್ಲಿ ಹಾಕಿ ಕಳಿಸಿದೆವು. ಕೊನೆಯದು ಹೋದ ಮೇಲೆ ಬಿಳೇದು ಅಟ್ಟದ ಕೆಳಗಿನ ನಾರನ್ನೆಲ್ಲ ಕೆದರಿ ಹಾಕಿತು. ಅವತ್ತಿನಿಂದ ಮನೆಗೆ ಯಾರು ಬಂದರೂ ಮೊದಲು ಅವರ ಚೀಲ ಮೂಸುತ್ತಿತ್ತು.

ನಾನು ಹೊರಟ ಬೆಳಿಗ್ಗೆ ಅತ್ತೆ ಮಗಳನ್ನು ಸೊಂಟದಲ್ಲಿಟ್ಟುಕೊಂಡು ಪಕ್ಕದ ಮನೆಯ ಕರು ತೋರಿಸಲು ಕರೆದೊಯ್ದರು. ನಾನು ಹಿತ್ತಿಲ ಬಾಗಿಲಿಂದ ಹೋಗಿ ಬಸ್ಸು ಹತ್ತಿದೆ. ಹಾಗೆ ಮಾಡುವುದೇ ಒಳ್ಳೆಯದು, ಮಕ್ಕಳು ಬೇಗ ಮರೆಯುತ್ತಾರೆ ಎಂದು ಎಲ್ಲರೂ ಹೇಳಿದ್ದರು. ಹಾಸ್ಟೆಲಿನಲ್ಲಿ ಎರಡು ವಾರ ನನ್ನ ರವಿಕೆ ಒದ್ದೆಯಾಗುತ್ತಿತ್ತು. ಯಾರದೋ ಮಗು ರಸ್ತೆಯಲ್ಲಿ ಅತ್ತರೆ ಸಾಕು. ಪುಸ್ತಕ ಎದೆಗೆ ಅವುಚಿಕೊಂಡು ತರಗತಿಯಲ್ಲಿ ಕೂರುತ್ತಿದ್ದೆ, ಶ್ರದ್ಧೆಯ ಹುಡುಗಿ ಎಂದು ಮೇಷ್ಟ್ರು ಹೊಗಳಿದರು.

ಐದು ವಾರದ ಮೇಲೆ ರಜೆ ಸಿಕ್ಕಿತು. ಬಸ್ಸಿಳಿದು ಮನೆಯ ತನಕ ಓಡುವುದೊಂದು ಬಾಕಿ. ಬಿಳೇದು ಎದುರು ಬಂದು, ನನ್ನ ಚೀಲಕ್ಕೆ ಮೂತಿ ತೂರಿಸಿ, ಏನೂ ಇಲ್ಲದ್ದು ತಿಳಿದು ಜಗಲಿಯ ಮೂಲೆಗೆ ಹೋಗಿ ಮಲಗಿತು. ನಾನು ಜಗಲಿಯ ಮೇಲೆ ಕೂತೆ. ಒಳಗೆ ಅತ್ತೆಯ ದನಿ ಕೇಳಿಸಿತು. ಯಾರೋ ಬಂದವ್ರೆ ನೋಡು ಮಗಾ ಅಂದರು, ನಗುತ್ತ, ನಾನೇ ಬಂದಿದ್ದೇನೆ ಎಂದು ತಿಳಿದೇ.

ಮಗಳು ಹೊರಗೆ ಬಂದಳು. ಸಣ್ಣ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕಬಾರದೆಂದು ನೀರನ್ನೇ ನೋಡುತ್ತ, ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಮನೆಗೆ ಬಂದವರಿಗೆ ನೀರು ಕೊಡಬೇಕೆಂದು ಅಜ್ಜಿ ಕಲಿಸಿದ್ದರು. ನನ್ನ ಮುಂದೆ ನಿಂತು ಕೈ ಚಾಚಿದಳು.

"ನೀರ್ ತಗಳಿ" ಅಂದಳು.

ಅತ್ತೆ ಬಾಗಿಲಿಗೆ ಬಂದವರು ನಿಂತುಬಿಟ್ಟರು. "ನಿಮ್ಮವ್ವ ಕಣೇ, ನೋಡು ಸರ್ಯಾಗಿ" ಅಂದರು. ಮಗಳು ನನ್ನ ಮುಖ ನೋಡಿದಳು, ಹೂಂ ಅನ್ನುವ ಹಾಗೆ ತಲೆಯಾಡಿಸಿದಳು, ಖಾಲಿ ಚೊಂಬು ವಾಪಸ್ಸು ಒಯ್ಯಲು ಅಲ್ಲೇ ಕಾಯುತ್ತ ನಿಂತಳು. ನಾನು ಗುಟುಕು ಗುಟುಕಾಗಿ, ಆದಷ್ಟು ನಿಧಾನವಾಗಿ ಕುಡಿದೆ. ನೀರು ಮುಗಿದರೆ ಅವಳು ಚೊಂಬು ತೆಗೆದುಕೊಂಡು ಒಳಗೆ ಹೋಗಿಬಿಡುತ್ತಾಳೆ ಎಂದು ನನಗೆ ಗೊತ್ತಿತ್ತು.