ಅತ್ತೆಯ ವಾಡಿಕೆ ಮನೆಗಳು

ಅತ್ತೆಯ ಮೊಣಕಾಲು ಕೈಕೊಟ್ಟ ವರ್ಷ ತೆಂಗಿನಗುಂಡಿ ಬಂದರಿನ ಮೀನುಬುಟ್ಟಿ ನನ್ನ ತಲೆಗೆ ಬಂತು. ಬುಟ್ಟಿಯ ಭಾರವೇನೂ ದೊಡ್ಡದಲ್ಲ. ಅದರ ಜೊತೆಗೆ ನಮ್ಮಲ್ಲೇ ಮೀನು ಕೊಳ್ಳುವ ಭಟ್ಕಳ ಪೇಟೆಯ ಇಪ್ಪತ್ತೆರಡು ವಾಡಿಕೆ ಮನೆಗಳೂ ಬಂದವಲ್ಲ, ನನ್ನ ಜೀವ ತಿಂದದ್ದು ಅವು. ಮೂವತ್ತು ವರ್ಷ ಅತ್ತೆ ಉಳಿಸಿಕೊಂಡು ಬಂದ ಮನೆಗಳು. ನಾನು ತಪ್ಪಿದರೆ, ಬೈಕಿಗೆ ಮೀನಿನ ಥರ್ಮಾಕೋಲ್ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತ ಬರುವವನ ಪಾಲು.

ಬೆಳಿಗ್ಗೆ ನಾನು ಬಂದರಿಗೆ ಹೊರಡುವ ಗಡಿಬಿಡಿಯಲ್ಲಿದ್ದರೆ ಅತ್ತೆ ಜಗಲಿಯಲ್ಲಿ ಕಾಲು ನೀಡಿ ಕೂತು ಒಂದೇ ಉಸಿರಿಗೆ ಶುರುಮಾಡುತ್ತಿದ್ದರು. "ನೀಲಿ ಗೇಟಿನವ್ರು ಸೋಮವಾರ ತಿನ್ನೂದಿಲ್ಲ. ಎದುರಿನವ್ರು ಶನಿವಾರ. ಬಾವಿ ಮನೆಯವ್ರಿಗೆ ಶೆಟ್ಲಿ ಸಿಗಡಿ ಆಗೂದಿಲ್ಲ, ಮೈ ತುರಿಸ್ತದೆ. ದುಬೈಯವ್ರ ಮನೆಗೆ ಶುಕ್ರವಾರ ಇಸ್ವಾಣ ಮೀನು ಬೇಕೇ ಬೇಕು. ಮೂಲೆಮನೆ ಅಮ್ಮಂಗೆ ಸಂಕಷ್ಟಿ..."

ಐದನೆಯದು ಬರುವಷ್ಟರಲ್ಲಿ ಮೊದಲನೆಯದು ಉದುರಿಹೋಗಿರುತ್ತಿತ್ತು. ಪರೀಕ್ಷೆಯ ಬೆಳಿಗ್ಗೆ ಉರು ಹೊಡೆದು, ಹೊರಬಂದ ಕೂಡಲೇ ಮರೆತು ಪಿಯುಸಿ ಪಾಸಾದವಳು ನಾನು. ಆ ವಿದ್ಯೆ ಇಲ್ಲಿ ನಡೆಯಲಿಲ್ಲ. ದಾರಿಯುದ್ದಕ್ಕೂ ಬಾಯಲ್ಲೇ ಹೇಳಿಕೊಂಡು ಹೋಗುತ್ತಿದ್ದೆ, ಯಾರಾದರೂ "ಬಂಗಡೆ ಹ್ಯಾಂಗೆ?" ಎಂದರೆ ಮುಗಿಯಿತು, ಎಲ್ಲ ಮಂಗಮಾಯ. ಥೂ, ಇದೆಂಥ ತಲೆಯೋ!

"ಮೂರೋ ನಾಲ್ಕೋ ಹೇಳಿ ಅತ್ತೆ, ಬರ್ಕಂತೆ."

"ಚೀಟಿ ನೋಡ್ಕಂಡು ಮೀನು ಮಾರೂದು ಎಲ್ಲಾದ್ರೂ ಉಂಟಾ? ನಾನೆಂತ ಬರ್ಕಂಡಿದ್ನಾ?"

ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ದಿನವೂ ಅರ್ಧಕ್ಕೇ ಜಗಳ ತೆಗೆದು ಎದ್ದು ಹೋಗುತ್ತಿದ್ದೆ. ಅವರ ಪಟ್ಟಿಯನ್ನು ಕೊನೆತನಕ ಕೇಳಿದ್ದೇ ಇಲ್ಲ.

ಒಂದು ಸಂಕಷ್ಟಿಯ ದಿನ ಮೂಲೆಮನೆಯ ಗೇಟು ತಳ್ಳಿ "ಅಮ್ಮಾ, ಮೀನು ಬೇಕಾ?" ಎಂದು ಕೂಗಿಬಿಟ್ಟೆ. ಆ ಅಮ್ಮ ಕೈಯಲ್ಲಿ ಗರಿಕೆ ಹಿಡಿದುಕೊಂಡೇ ಹೊರಬಂದರು. "ನಿಮ್ಮತ್ತೆ ಆಗಿದ್ರೆ ಇವತ್ತು ಈ ಓಣಿಗೇ ಬರ್ತಿರ್ಲಿಲ್ಲ" ಎಂದರು, ಅಷ್ಟೇ. ಮರುವಾರ ಅವರ ಗೇಟಿನೆದುರು ಬೈಕು ನಿಂತಿತ್ತು.

ಅಂದು ಮನೆಗೆ ಬಂದವಳೇ ಅತ್ತೆಯ ಮೇಲೆ ಹರಿಹಾಯ್ದೆ. ಮೂಲೆಮನೆ ಕೈತಪ್ಪಿದ್ದನ್ನು ಮಾತ್ರ ಹೇಳಲಿಲ್ಲ. ಮಗಳ ಹಳೆ ನೋಟ್‌ಬುಕ್ ತಂದು ಎದುರು ಕೂತೆ. "ಈಗ ಹೇಳಿ. ಇಪ್ಪತ್ತೆರಡೂ ಹೇಳಿ. ಬರೆಯದೆ ನಾ ಏಳೂದಿಲ್ಲ."

ಅತ್ತೆ ಗೊಣಗುತ್ತಲೇ ನೀಲಿ ಗೇಟಿನಿಂದ ಹೊರಟರು. ಒಂಬತ್ತನೆಯ ಮನೆಗೆ ಬಂದು ನಿಂತರು. "ತಡಿ" ಎಂದು ಮತ್ತೆ ಮೊದಲಿಂದ ಶುರುಮಾಡಿದರು. ಮತ್ತೆ ಅಲ್ಲೇ ನಿಂತರು. ಗಾಳಿಯಲ್ಲಿ ಕೈಯನ್ನು ಬಲಕ್ಕೆ ತಿರುಗಿಸಿದರು, ಎಡಕ್ಕೆ ತಿರುಗಿಸಿದರು. ನೀಡಿದ ಕಾಲಿನ ಬೆರಳುಗಳು ಅಲುಗುತ್ತಿದ್ದವು.

"ಓಣಿಯೊಳಗೆ ನಡ್ಕಂತ ಹೋದ್ರೆ ಎಲ್ಲ ತನ್ನಷ್ಟಕ್ಕೇ ಬರ್ತಿತ್ತು ಮಾರಾಯ್ತಿ. ಕೂತ್ಕಂಡ್ರೆ ಬರೂದಿಲ್ಲ."

ಅವರ ಕಣ್ಣಲ್ಲಿ ನೀರಿತ್ತು. ನಾನು ಪೆನ್ನು ಹಿಡಿದು ಕೂತೇ ಇದ್ದೆ. ಇನ್ನು ಯಾರ ಮೇಲೆ ರೇಗಬೇಕು ಎಂದೇ ತಿಳಿಯಲಿಲ್ಲ. ಆ ಮೊಣಕಾಲಿನಲ್ಲಿ ಅವರು ಒಂದು ಓಣಿಯನ್ನೂ ದಾಟುವ ಹಾಗಿರಲಿಲ್ಲ.

ಈಗ ಉಳಿದಿರುವುದು ಹದಿಮೂರು ಮನೆ. ಒಂದೊಂದನ್ನೂ ಬೈಸಿಕೊಂಡೇ ಕಲಿತೆ. ಮಧ್ಯಾಹ್ನ ಬುಟ್ಟಿ ಇಳಿಸುವಾಗ ಅತ್ತೆ ಕೇಳುತ್ತಾರೆ, "ಎಲ್ಲಾ ಮನೆಗೂ ಹೋಗ್ಬಂದ್ಯಾ?"

"ಹೋಗ್ಬಂದೆ."

"ಮೂಲೆಮನೆ ಅಮ್ಮ ಎಂತ ಹೇಳ್ತು?"

"ನಿಮ್ಮನ್ನ ಕೇಳ್ತಿದ್ರು" ಎನ್ನುತ್ತೇನೆ.